ಇಪ್ಪತ್ತೈದಕ್ಕೆ ಒಂದು ಕಮ್ಮಿ

ಮೊದಲು ಮನೆಯಲ್ಲೇ ತೂಗಿ ನೋಡಿದೆ,
ಬಾಗಿಲು ಹಾಕಿಕೊಂಡು, ಅಡುಗೆಮನೆಯ ತಕ್ಕಡಿಯಲ್ಲಿ.
ಮುಕ್ಕಾಲು ಕಿಲೋಗೆ ಒಂದು ಬೊಗಸೆ ಕಮ್ಮಿ.
ಅಷ್ಟೇ ತೂಕದ ಮಂಡಕ್ಕಿ ತಂದರೆ
ಭಟ್ಟಿಯಿಂದ ಬಿಸಿಬಿಸಿ, ಇಡೀ ಓಣಿಗೆ ಹಂಚಬಹುದು.

ಗುಜರಿ ದರದಲ್ಲಿ ಇಪ್ಪತ್ತು ರೂಪಾಯಿ.
ಅಪ್ಪನ ದರದಲ್ಲಿ,
ಗಿರಣಿಯ ಕ್ಯಾಷಿಯರ್ ಕೊಟ್ರಬಸಪ್ಪನ ದರದಲ್ಲಿ,
ನಾಲ್ಕು ತಿಂಗಳ ಪಗಾರ
ಮತ್ತು ಅವ್ವನ ಒಂದೆಳೆ ಸರ.
ಬಿಲ್ಲಿನಲ್ಲಿ ಪಗಾರ ಮಾತ್ರ ಬರೆದಿದೆ.

ಶನಿವಾರ ಬಟವಾಡೆ.
ಬ್ಯಾಂಕಿನಿಂದ ಗಿರಣಿಗೆ ಬುಡೇನ್ ಸಾಬನ ಜಟಕಾ,
ತೊಡೆಯ ಮೇಲೆ ಹಣದ ಟ್ರಂಕು,
ಕೋಟಿನೊಳಗೆ ಇದು.
ಅಪ್ಪನ ಕೋಟು ಎಡಕ್ಕೆ ಜೋಲುತ್ತಿತ್ತು,
ಅವ್ವ ಬಲಗಡೆ ಜೇಬಿಗೆ ಎರಡು ಮೋಸಂಬಿ ಹಾಕಿ
ಸರಿದೂಗಿಸುತ್ತಿದ್ದಳು.

ಆಮೇಲೆ ಗಿರಣಿ ಮುಚ್ಚಿತು.
ಕೂಗು ನಿಂತಮೇಲೆ ಊರಿಗೆ ಊರೇ
ಗಡಿಯಾರ ಕೊಂಡಿತು.
ಇದು ಅರಳೆಯಲ್ಲಿ ಮಲಗಿತು, ಬೀರುವಿನಲ್ಲಿ,
ಚುನಾವಣೆಗೊಮ್ಮೆ ಎದ್ದು ಠಾಣೆಗೆ ಹೋಗಿ
ರಸೀದಿ ಹಿಡಿದು ಬಂತು.
ಹತ್ತೊಂಬತ್ತು ರಸೀದಿ, ಎಲ್ಲದರಲ್ಲೂ 'ಪಿಸ್ತೂಲು ಒಂದು'.
ಇಷ್ಟು ಸಲ ಠಾಣೆ ಮೆಟ್ಟಿಲು ಹತ್ತಿ
ಒಂದು ಕೇಸೂ ಕಾಣದವರು
ನಮ್ಮ ದಾವಣಗೆರೆಯಲ್ಲಿ ಇನ್ಯಾರಿದ್ದಾರೋ.

ಇನಾಯತ್ ಸಾಹೇಬರ ಅಂಗಡಿಯಲ್ಲಿ ಎಣ್ಣೆ ವಾಸನೆ.
ಅವರು ಅರಳೆ ಬಿಚ್ಚಿ ಬೈದರು:
'ಇದ್ರಾಗ ಸುತ್ತಬಾರದಿತ್ತು ತಾಯಿ, ಅರಳಿ ನೀರು ಕುಡಿತೈತಿ.'
ನಂಬರು ನೋಡಿದರು, ಲೈಸೆನ್ಸು ನೋಡಿದರು,
ಅಪ್ಪನ ಹೆಸರು ಹೊಡೆದು ನನ್ನ ಹೆಸರು ಬರೆದ ಪುಟದಲ್ಲಿ
ಸ್ವಲ್ಪ ಹೊತ್ತು ನಿಂತರು.
ಹಿಡಿಯಲ್ಲಿ ಬಿರುಕು, ಐದು ಸಾವಿರ ಕಳೆಯಿರಿ.
ಹಳೇ ಪೆಟ್ಟಿಗೆ, ಹಳೇ ಬಿಲ್ಲು, ಮೂರು ಸೇರಿಸಿರಿ.
ಸ್ಪ್ರಿಂಗು ಗಟ್ಟಿ. ಕುದುರೆ ಒಂದಿಷ್ಟೂ ಸಡಿಲಾಗಿಲ್ಲ.
'ಬಳಸೇ ಇಲ್ಲ,' ಅಂದೆ, ಮದುವೆಗೆ ಹೆಣ್ಣು ತೋರಿಸುವವರ ಹಾಗೆ.
'ಬಳಸದಿದ್ರ ಹದಿನೈದು ಜಾಸ್ತಿ,' ಅಂದರು.

ಬಿಳಿ ಹಾಳೆ ಹಿಂದಿಟ್ಟು ನಳಿಗೆಯಲ್ಲಿ ಕಣ್ಣಿಟ್ಟರು.
ಕಣ್ಣು ತೆಗೆಯಲಿಲ್ಲ.
ತೋಟಾ ಡಬ್ಬಿ ಬಗ್ಗಿಸಿ ಹಸಿರು ಬಟ್ಟೆಯ ಮೇಲೆ
ಎರಡೆರಡಾಗಿ ಜೋಡಿಸಿದರು.
ಇಪ್ಪತ್ನಾಲ್ಕು.
ಲೈಸೆನ್ಸಿನ ಹಿಂದೆ ಅಪ್ಪನದೇ ಅಕ್ಷರ: ಇಪ್ಪತ್ತೈದು.

'ಒಂದು ಹಾರೈತಿ. ಹಾರಿಸಿದವರು ನಳಿಗಿ ಒರೆಸಿಲ್ಲ.'

ಒರೆಸಿಲ್ಲವೇ?
ಕನ್ನಡಕ ಒರೆಸುತ್ತಿದ್ದ, ಪೆನ್ನಿನ ಮುಳ್ಳು ಒರೆಸುತ್ತಿದ್ದ,
ಜಿಡ್ಡಿನ ನಾಣ್ಯವನ್ನೂ ಪಂಚೆಯ ತುದಿಗೆ ಒರೆಸಿ
ಲೆಕ್ಕಕ್ಕೆ ಹಿಡಿಯುತ್ತಿದ್ದ ನನ್ನಪ್ಪ?

ನನಗೆ ನೆನಪಿರುವುದು ಇಷ್ಟೇ.
ಒಂದು ಶನಿವಾರ ಜಟಕಾ ಬರಲಿಲ್ಲ.
ಅಪ್ಪ, ಬುಡೇನ್ ಸಾಬ, ಇಬ್ಬರೂ ನಡೆದು ಬಂದರು,
ಟ್ರಂಕಿನ ಒಂದೊಂದು ಹಿಡಿಕೆ ಒಬ್ಬೊಬ್ಬರಿಗೆ.
ಜಗಲಿಯಲ್ಲಿ ಕೂತು ಇಬ್ಬರೂ ಚಹಾ ಕುಡಿಯಲಿಲ್ಲ.
ಬಿಳಿ ಕುದುರೆಗೆಂದು ನಾನು ಲಂಗದಲ್ಲಿ ಕಟ್ಟಿಕೊಂಡಿದ್ದ ಮಂಡಕ್ಕಿ
ಮೆತ್ತಗಾಗುವವರೆಗೂ ಬಾಗಿಲಲ್ಲಿ ನಿಂತೆ.
ಮುಂದಿನ ಶನಿವಾರ ಬೇರೆ ಕುದುರೆ, ಕೆಂದು.
ಕೇಳಿದ್ದಕ್ಕೆ ಅಪ್ಪ,
'ಅದರ ಕಾಲು ಸರಿ ಇರಲಿಲ್ಲವ್ವ' ಅಂದಿದ್ದ.

ಸಾಹೇಬರು ಹದಿನೈದು ಕಳೆದರು.
ಚೌಕಾಸಿ ಮಾಡಲಿಲ್ಲ ನಾನು,
ಮಗಳಿಗೊಂದು ಏರ್ ರೈಫಲ್, ಮೇಲೆ ನಾಲ್ಕು ಸಾವಿರ ಕೈಗೆ.
ಫಾರಮ್ಮಿನಲ್ಲೊಂದು ಕಾಲಂ:
ಬಳಸಿದ್ದು, ಬಳಸದ್ದು, ಒಂದನ್ನು ಹೊಡೆದುಹಾಕಿ.
ಹೊಡೆದುಹಾಕಿದೆ.
ಯಾತಕ್ಕೆ ಎಂದು ಬರೆಯಲು ಜಾಗ ಬಿಟ್ಟಿರಲಿಲ್ಲ.

ಹೊರಗೆ ಕಟ್ಟೆಯ ಮೇಲೆ ಸಹನಾ
ಛರ್ರೆಗಳನ್ನು ಅಂಗೈಗೆ ಸುರಿದುಕೊಂಡು
ತುಟಿ ಅಲುಗಿಸುತ್ತ ಎಣಿಸುತ್ತಿದ್ದಳು,
ಥೇಟ್ ಅಜ್ಜನ ಹಾಗೆ,
ನಡುವೆ ಮಾತಾಡಿಸಿದರೆ ಮತ್ತೆ ಒಂದರಿಂದ.